ಚುಕ್ಕಿ-ಗೀಟಿನ ಪರೀಕ್ಷೆ ಇನ್ನೂ ಬೇಕೆ?

ಹ್ಯಾಮ್ ರೇಡಿಯೋ ಲೈಸೆನ್ಸಿಗೆ ಮೋರ್ಸ್ ಕಡ್ಡಾಯ: ಹಳಬರದೊಂದು ಮಾತು, ಹುಡುಗರದೊಂದು ಮಾತು

ಕಾರು ಓಡಿಸುವ ಲೈಸೆನ್ಸಿಗೆ ಅರ್ಜಿ ಹಾಕಿದವನನ್ನು ಆರ್.ಟಿ.ಓ. ಆಫೀಸಿನ ಮುಂದೆ ನಿಲ್ಲಿಸಿ, 'ಎಲ್ಲಿ, ಮೊದಲು ಎತ್ತಿನ ಗಾಡಿ ಹೂಡಿ ತೋರಿಸು' ಅಂದರೆ ಹೇಗಿರುತ್ತೆ? ಕೇಳಿದವರು ನಗುತ್ತಾರೆ. ಹೆಚ್ಚುಕಡಿಮೆ ಇಂಥದೇ ಒಂದು ಪರೀಕ್ಷೆ ನಮ್ಮ ದೇಶದಲ್ಲಿ ಬಹುಕಾಲ ನಡೆದುಬಂದಿದೆ ಅಂತ ರೇಡಿಯೋ ಹುಚ್ಚಿನ ಹುಡುಗರು ಹೇಳುತ್ತಾರೆ. ಬಾಯಲ್ಲಿ ಮಾತಾಡುವ ರೇಡಿಯೋಕ್ಕೆ ಲೈಸೆನ್ಸು ಬೇಕು ಅಂದರೆ ಮೊದಲು ತಂತಿ ಕಚೇರಿಯ 'ಟಕ ಟಕ' ಕಲಿತು ಬಾ ಎನ್ನುವ ಪರೀಕ್ಷೆ ಅದು.

ನಗುವ ಮೊದಲು ಸ್ವಲ್ಪ ತಡೀರಿ ಅಂತಾರೆ ಹಳಬರು. ಎತ್ತಿನ ಗಾಡಿಯ ಹೋಲಿಕೆಯೇ ತಪ್ಪು, ಇದು ಈಜು ಕಲಿಸಿದ ಹಾಗೆ, ದೋಣಿ ಮುಳುಗಿದ ದಿನ ಗೊತ್ತಾಗುತ್ತೆ ಅನ್ನೋದು ಅವರ ಉತ್ತರ.

ಎರಡು ಕಡೆಯವರ ಮಾತಿನಲ್ಲೂ ಹುರುಳಿದೆ. ನಮಗೂ ನಿಮಗೂ ಇದರಿಂದ ಏನಾಗಬೇಕು ಅಂತ ಬಸ್ ಸ್ಟ್ಯಾಂಡಿನಲ್ಲಿ ಕೇಳುವವರಿಗೆ ಉತ್ತರ ಇಷ್ಟೇ: ಮಳೆಗಾಲದಲ್ಲಿ ಗುಡ್ಡ ಕುಸಿದು, ಕರೆಂಟು ಹೋಗಿ, ಮೊಬೈಲ್ ಟವರು ಸತ್ತ ರಾತ್ರಿ, ಜಿಲ್ಲಾ ಕಚೇರಿಗೆ ಸುದ್ದಿ ಮುಟ್ಟಿಸುವವರು ಯಾರು ಎಂಬ ಪ್ರಶ್ನೆ ಈ ಪರೀಕ್ಷೆಯ ಬೆನ್ನಿಗೇ ಅಂಟಿಕೊಂಡಿದೆ.

ಹ್ಯಾಮ್ ಅಂದರೆ ಯಾರು?

ಹ್ಯಾಮ್ ಅಂದರೆ ಹವ್ಯಾಸಿ ರೇಡಿಯೋಗಾರ. ಸರಕಾರದ ಪರೀಕ್ಷೆ ಪಾಸು ಮಾಡಿ, ಲೈಸೆನ್ಸು ಪಡೆದು, ಮನೆಯ ಮೂಲೆಯಲ್ಲಿ ಟ್ರಾನ್ಸ್‌ಮಿಟರ್ ಇಟ್ಟು, ಮಾಡಿನ ಮೇಲೆ ಏರಿಯಲ್ ಕಟ್ಟಿ, ದೇಶ-ವಿದೇಶದ ಇತರ ಹ್ಯಾಮ್‌ಗಳ ಜತೆ ಮಾತಾಡುವವರು. ಇದರಲ್ಲಿ ವ್ಯಾಪಾರ ಕೂಡದು, ದುಡ್ಡು ಕೂಡದು, ಸಿನಿಮಾ ಹಾಡು ಹಾಕುವ ಹಾಗಿಲ್ಲ. ಒಬ್ಬೊಬ್ಬರಿಗೂ ಒಂದೊಂದು ಕರೆಗುರುತು. ನಮ್ಮ ದೇಶದವರದು ಸಾಮಾನ್ಯವಾಗಿ 'ವಿ.ಯು.' ಎಂದು ಶುರುವಾಗುತ್ತದೆ. ಪ್ರಧಾನಿಯಾಗಿದ್ದ ರಾಜೀವ್ ಗಾಂಧಿಯವರೂ ಹ್ಯಾಮ್. ಅವರ ಕರೆಗುರುತು ವಿ.ಯು. 2 ಆರ್.ಜಿ.

ನಮ್ಮ ಸೀಮೆಗೂ ಈ ಹುಚ್ಚು ಹೊಸದಲ್ಲ. ಹಗುರವಾದ ಪುಟ್ಟ ಉಪಗ್ರಹವೊಂದನ್ನು ಹ್ಯಾಮ್‌ಗಳಿಗೆಂದೇ ಇಸ್ರೋ ಮಾಡಿತ್ತು. 'ಹ್ಯಾಮ್‌ಸ್ಯಾಟ್' ಎಂಬ ಆ ಉಪಗ್ರಹ 2005ರ ಮೇ 5ರಂದು ಶ್ರೀಹರಿಕೋಟದಿಂದ ಮೇಲೇರಿ, 2014ರ ಜುಲೈವರೆಗೆ ಕೆಲಸ ಮಾಡಿತು. ಪುಕ್ಕಟೆ ಸೇವೆ. ಜಗತ್ತಿನ ಹ್ಯಾಮ್‌ಗಳೆಲ್ಲ ಬಳಸಿದರು.

ಏನಿದು ಚುಕ್ಕಿ-ಗೀಟು?

1844ರ ಮೇ 24ರಂದು ಅಮೆರಿಕದ ವಾಷಿಂಗ್ಟನ್‌ನಿಂದ ಬಾಲ್ಟಿಮೋರ್‌ಗೆ ಸ್ಯಾಮ್ಯುಯಲ್ ಮೋರ್ಸ್ ಎಂಬಾತ ತಂತಿಯ ಮೇಲೆ ಸುದ್ದಿ ಕಳಿಸಿ ತೋರಿಸಿದ. ಅಕ್ಷರಕ್ಕೊಂದು ಗುರುತು. ಚಿಕ್ಕ ಸದ್ದು ಚುಕ್ಕಿ; ಅದರ ಮೂರರಷ್ಟು ಉದ್ದದ ಸದ್ದು ಗೀಟು. ಇಂಗ್ಲಿಷಿನ 'ಇ' ಅಕ್ಷರಕ್ಕೆ ಒಂದೇ ಚುಕ್ಕಿ, 'ಟಿ'ಗೆ ಒಂದೇ ಗೀಟು, 'ಎ'ಗೆ ಒಂದು ಚುಕ್ಕಿ ಒಂದು ಗೀಟು. ಪ್ರಾಣಾಪಾಯದ 'ಎಸ್.ಓ.ಎಸ್.' ಮೂರು ಚುಕ್ಕಿ, ಮೂರು ಗೀಟು, ಮತ್ತೆ ಮೂರು ಚುಕ್ಕಿ.

'ತಂತಿ ಬಂದಿದೆ' ಅಂದ ಕೂಡಲೇ ಮನೆ ಹೆಂಗಸರು ಕಾಗದ ಒಡೆಯುವ ಮೊದಲೇ ಅಳು ಶುರು ಮಾಡುತ್ತಿದ್ದ ಕಾಲವನ್ನು ಕಂಡವರು ಇನ್ನೂ ಇದ್ದಾರೆ. ಆ ತಂತಿ ಸೇವೆ ನಮ್ಮ ದೇಶದಲ್ಲಿ 2013ರ ಜುಲೈ 14ರ ರಾತ್ರಿಗೆ ಮುಗಿಯಿತು. ಮೋರ್ಸ್ ಕೀಲಿ ಅದಕ್ಕಿಂತ ಎಷ್ಟೋ ಮೊದಲೇ ತಂತಿ ಕಚೇರಿಗಳ ಮೇಜು ಬಿಟ್ಟು, ಟೆಲಿಪ್ರಿಂಟರ್‌ಗೆ ಜಾಗ ಕೊಟ್ಟಿತ್ತು.

ಮೋರ್ಸಿನ ಗುಟ್ಟು ಬಸ್ಸಿನಲ್ಲಿ ಓಡಾಡುವವರಿಗೆ ಬೇಗ ಗೊತ್ತಾಗುತ್ತದೆ. ಕಂಡಕ್ಟರು ಒಂದು ಸೀಟಿ ಊದಿದರೆ ಬಸ್ಸು ನಿಲ್ಲುತ್ತೆ, ಎರಡು ಊದಿದರೆ ಹೊರಡುತ್ತೆ. ಯಾಕೆ, ಬಾಯಲ್ಲಿ 'ಸ್ವಲ್ಪ ನಿಲ್ಸಪ್ಪ' ಅನ್ನಬಾರದೆ? ಅನ್ನಬಹುದು. ಇಂಜಿನ್ ಸದ್ದು, ಜನದ ಗಲಾಟೆ ನಡುವೆ ಡ್ರೈವರನ ಕಿವಿಗೆ ಮಾತು ಮುಟ್ಟೋದಿಲ್ಲ, ಸೀಟಿ ಮುಟ್ಟುತ್ತೆ. ಮೋರ್ಸ್ ಮಾಡುವುದೂ ಅದನ್ನೇ. ಗಾಳಿಯಲ್ಲಿ ಎಷ್ಟೇ ಗರಗರ ಇದ್ದರೂ ಒಂದೇ ಸ್ವರದ ಸದ್ದನ್ನು ಪಳಗಿದ ಕಿವಿ ಹೆಕ್ಕಿ ತೆಗೆಯುತ್ತದೆ. ರೇಡಿಯೋದಲ್ಲಿ ಮಾತಿಗೆ ಎರಡೂವರೆ-ಮೂರು ಕಿಲೋಹರ್ಟ್ಸ್ ಜಾಗ ಬೇಕು. ಮೋರ್ಸಿಗೆ ಅದರ ಹತ್ತರಲ್ಲೊಂದು ಭಾಗ ಸಾಕು. ಇದ್ದ ಶಕ್ತಿಯೆಲ್ಲ ಆ ಕಿರಿದಾದ ಜಾಗದಲ್ಲೇ ಕೂಡಿ ನಿಲ್ಲುವುದರಿಂದ ಸಣ್ಣ ಬ್ಯಾಟರಿಯಲ್ಲೂ ದೂರ ಹೋಗುತ್ತದೆ.

ಕಡ್ಡಾಯ ಆದದ್ದು ಯಾಕೆ?

ರೇಡಿಯೋ ಹುಟ್ಟಿದ ಕಾಲದಲ್ಲಿ ಮಾತು ಕಳಿಸುವ ಯಂತ್ರವೇ ಇರಲಿಲ್ಲ. ಗಾಳಿಯಲ್ಲಿ ಹೋಗುತ್ತಿದ್ದದ್ದೆಲ್ಲ ಚುಕ್ಕಿ-ಗೀಟು. 1912ರಲ್ಲಿ ಟೈಟಾನಿಕ್ ಹಡಗು ಮುಳುಗುವಾಗ ಕೂಗಿದ್ದೂ ಅದೇ ಭಾಷೆಯಲ್ಲಿ. ಹಡಗಿನವರೂ ಸೈನ್ಯದವರೂ ಹ್ಯಾಮ್‌ಗಳೂ ಒಂದೇ ಗಾಳಿಯನ್ನು ಹಂಚಿಕೊಂಡಿದ್ದರು. ಯಾವನೋ ಹವ್ಯಾಸಿಯ ಯಂತ್ರ ಹಡಗಿನ ಕೂಗಿಗೆ ಅಡ್ಡ ಬಂದರೆ, 'ಏ, ಬಾಯಿ ಮುಚ್ಚು, ಇಲ್ಲಿ ಜೀವ ಹೋಗ್ತಿದೆ' ಅಂತ ಅವನಿಗೆ ಹೇಳಬೇಕು. ಅದು ಅವನಿಗೆ ಅರ್ಥವೂ ಆಗಬೇಕು. ಅದಕ್ಕೇ ಮೋರ್ಸ್ ಬಾರದವನಿಗೆ ಶಾರ್ಟ್‌ವೇವ್ ಇಲ್ಲ ಎಂದು ಅಂತಾರಾಷ್ಟ್ರೀಯ ಒಪ್ಪಂದದಲ್ಲೇ ಬರೆದಿಟ್ಟರು. ಯುದ್ಧ ಬಂದರೆ ಪಳಗಿದ ಆಪರೇಟರುಗಳು ಬೇಕಾಗುತ್ತಾರೆ ಎಂಬ ಲೆಕ್ಕವೂ ಸರಕಾರಗಳಿಗೆ ಇತ್ತು.

ನಮ್ಮಲ್ಲಿ 1978ರ ಹವ್ಯಾಸಿ ರೇಡಿಯೋ ನಿಯಮಗಳು ಇದೇ ದಾರಿ ಹಿಡಿದವು. ಎರಡನೇ ದರ್ಜೆಗೆ ನಿಮಿಷಕ್ಕೆ 5 ಪದ, ಒಂದನೇ ದರ್ಜೆಗೆ 12 ಪದ. ಪದ ಅಂದರೆ ಐದು ಅಕ್ಷರದ ಲೆಕ್ಕ. ಕೇಳಿ ಬರೆಯಬೇಕು, ಕೀಲಿ ಒತ್ತಿ ಕಳಿಸಲೂ ಬೇಕು. 2009ರ ತಿದ್ದುಪಡಿಯ ಹೊತ್ತಿಗೆ ಉಳಿದದ್ದು ಎರಡೇ ದರ್ಜೆ. ಮೇಲಿನದಾದ ಸಾಮಾನ್ಯ ದರ್ಜೆಗೆ ನಿಮಿಷಕ್ಕೆ 8 ಪದದ ಮೋರ್ಸ್ ಬೇಕು. ಕೆಳಗಿನ ನಿರ್ಬಂಧಿತ ದರ್ಜೆಗೆ ಮೋರ್ಸ್ ಬೇಡ. ಆದರೆ ಯಂತ್ರದ ಶಕ್ತಿ ಕಡಿಮೆ, ಸವಲತ್ತೂ ಕಡಿಮೆ.

8 ಪದ ಅಂದರೆ ಒಂದೂವರೆ ಸೆಕೆಂಡಿಗೆ ಒಂದು ಅಕ್ಷರ. ಕೇಳಿದವರಿಗೆ ಇಷ್ಟೇನಾ ಅನ್ನಿಸುತ್ತೆ. ಕಿವಿಗೆ ಬಿದ್ದ ಸದ್ದನ್ನು ಯೋಚಿಸದೆ ಅಕ್ಷರ ಮಾಡುವ ಅಭ್ಯಾಸ ಬರೋಕೆ ದಿನಾ ಕೂತು ತಿಂಗಳುಗಟ್ಟಲೆ ಕೇಳಬೇಕು. ಮೃದಂಗದ ಸೊಲ್ಲು ಕಲಿತ ಹಾಗೆ. ಎಣಿಸಿಕೊಂಡು ಕೂತರೆ ತಾಳ ತಪ್ಪುತ್ತೆ.

ಜಗತ್ತು ಕೈಬಿಟ್ಟಿತು

ನಿಯಮಕ್ಕೆ ಕಾರಣವಾಗಿದ್ದ ಹಡಗುಗಳೇ ಮೊದಲು ಮೋರ್ಸ್ ಬಿಟ್ಟವು. 1999ರ ಫೆಬ್ರವರಿ 1ರಿಂದ ಸಮುದ್ರದ ಅಪಾಯದ ಕರೆಗೆ ಉಪಗ್ರಹ ಮತ್ತು ತಾನೇ ಓಡುವ ಯಂತ್ರಗಳ ಹೊಸ ವ್ಯವಸ್ಥೆ ಪೂರ್ತಿ ಜಾರಿಗೆ ಬಂತು. ಹಡಗಿನಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿ ಕೂರುತ್ತಿದ್ದ ಆಪರೇಟರನ ಕೆಲಸ ಅಲ್ಲಿಗೆ ಹೋಯಿತು.

ಆಮೇಲೆ 2003ರಲ್ಲಿ ಜಿನೀವಾದಲ್ಲಿ ವಿಶ್ವ ರೇಡಿಯೋ ಸಮ್ಮೇಳನ ಸೇರಿತು. ಹ್ಯಾಮ್‌ಗಳಿಗೆ ಮೋರ್ಸ್ ಬೇಕೋ ಬೇಡವೋ ಆಯಾ ದೇಶವೇ ತೀರ್ಮಾನಿಸಲಿ ಎಂದು ಅಲ್ಲಿ ನಿರ್ಧಾರವಾಯಿತು. ಸ್ವಿಟ್ಜರ್‌ಲೆಂಡ್, ಬ್ರಿಟನ್, ಜರ್ಮನಿ ಅದೇ ವರ್ಷ ಪರೀಕ್ಷೆಯನ್ನು ಕೈಬಿಟ್ಟವು. ಅಮೆರಿಕ ಮೆಟ್ಟಿಲು ಮೆಟ್ಟಿಲಾಗಿ ಇಳಿಯಿತು. ಅಲ್ಲಿ ಅತಿ ಮೇಲಿನ ದರ್ಜೆಗೆ ನಿಮಿಷಕ್ಕೆ 20 ಪದ ಬೇಕಿತ್ತು. 1991ರಲ್ಲಿ ಕೆಳದರ್ಜೆಗೆ ಮೋರ್ಸ್ ಬೇಡವಾಯಿತು. 2000ದಲ್ಲಿ ಎಲ್ಲ ದರ್ಜೆಗೂ 5 ಪದ ಸಾಕಾಯಿತು. 2007ರ ಫೆಬ್ರವರಿ 23ರಿಂದ ಪರೀಕ್ಷೆಯೇ ಇಲ್ಲವಾಯಿತು.

ನಮ್ಮಲ್ಲಿ 1885ರ ತಂತಿ ಕಾಯಿದೆ, 1933ರ ನಿಸ್ತಂತು ಕಾಯಿದೆಗಳ ಜಾಗಕ್ಕೆ 2023ರಲ್ಲಿ ಹೊಸ ದೂರಸಂಪರ್ಕ ಕಾಯಿದೆ ಬಂತು. ಹಳೆ ಕಾಯಿದೆಯಡಿ ಬರೆದ ನಿಯಮಗಳನ್ನು ಹೊಸದಾಗಿ ಬರೆಯುವ ಕೆಲಸವೂ ಅದರ ಹಿಂದೆಯೇ ಬಂತು. ಹೊಸ ಪುಸ್ತಕಕ್ಕೆ ಹಳೆ ಮೋರ್ಸನ್ನು ನಕಲು ಮಾಡಬೇಕೆ ಎನ್ನುವ ವಾದಕ್ಕೆ ಬಿಸಿ ಏರಿರುವುದು ಹೀಗೆ.

ಹಳಬರು ಏನಂತಾರೆ?

ಮೊದಲನೆಯದು, ಯಂತ್ರದ ಮಾತು. ಮೋರ್ಸ್ ಟ್ರಾನ್ಸ್‌ಮಿಟರ್ ಅಂದರೆ ನಾಲ್ಕಾರು ಟ್ರಾನ್ಸಿಸ್ಟರು, ಒಂದು ಕ್ರಿಸ್ಟಲ್ಲು, ಒಂದು ಬ್ಯಾಟರಿ. ರೇಡಿಯೋ ರಿಪೇರಿ ಅಂಗಡಿಯ ಮೇಜಿನ ಮೇಲೆ ಒಂದು ಸಂಜೆಯಲ್ಲಿ ಕೂಡಿಸಬಹುದು. ಮಾತಾಡುವ ಯಂತ್ರ ಅಷ್ಟು ಸುಲಭಕ್ಕೆ ಆಗೋದಿಲ್ಲ. ಕೊಂಡರೆ ಸಾವಿರಾರು ರೂಪಾಯಿ. ಬಡ ಹುಡುಗನಿಗೆ ಗಾಳಿಯ ಬಾಗಿಲು ತೆಗೆಯುವುದೇ ಮೋರ್ಸ್, ಅದನ್ನು ಬೇಲಿ ಅಂತ ಯಾಕೆ ಕರೀತೀರಿ ಅಂತ ಕೇಳುತ್ತಾರೆ.

ಎರಡನೆಯದು, ಶಿಸ್ತಿನ ಮಾತು. ಆರು ತಿಂಗಳು ಕೂತು ಚುಕ್ಕಿ-ಗೀಟು ಕಲಿತವನಿಗೆ ಆ ಲೈಸೆನ್ಸಿನ ಬೆಲೆ ಗೊತ್ತಿರುತ್ತದೆ. ಪುಕ್ಕಟೆ ಸಿಕ್ಕಿದವನು ಗಾಳಿಯಲ್ಲಿ ಹರಟೆ ಹೊಡೆದು ಕೆಡಿಸುತ್ತಾನೆ. 1970ರ ದಶಕದಲ್ಲಿ ಅಮೆರಿಕದಲ್ಲಿ ಪರೀಕ್ಷೆಯೇ ಇಲ್ಲದ 'ಸಿಟಿಜನ್ಸ್ ಬ್ಯಾಂಡ್' ರೇಡಿಯೋಗಳ ಗೌಜು ಎದ್ದದ್ದನ್ನು ಅವರು ಬೊಟ್ಟು ಮಾಡಿ ತೋರಿಸುತ್ತಾರೆ.

ಮೂರನೆಯದು, ವಿದ್ಯೆಯ ಮಾತು. ಕಡ್ಡಾಯ ಇಲ್ಲದ ವಿದ್ಯೆಯನ್ನು ಈಗಿನ ಕಾಲದಲ್ಲಿ ಯಾರು ಕಲೀತಾರೆ? ಕ್ಯಾಲ್ಕುಲೇಟರ್ ಬಂತು, ಕಾಲು ಮಗ್ಗಿ-ಅರೆ ಮಗ್ಗಿ ಹೋಯಿತು. ಒಮ್ಮೆ ಹೋದರೆ ತಿರುಗಿ ತರುವವರಿಲ್ಲ.

ಹುಡುಗರು ಏನಂತಾರೆ?

ಹುಡುಗರದು ನೇರ ಮಾತು. ಮಗ್ಗಿ ಬರುವುದು ಒಳ್ಳೇದೇ. ಹಾಗಂತ ಮಗ್ಗಿ ಬಾರದವನಿಗೆ ದಿನಸಿ ಅಂಗಡಿ ಲೈಸೆನ್ಸು ಕೊಡೋದಿಲ್ಲ ಅನ್ನುತ್ತಾರೆಯೆ? ಕೇಳಬೇಕಾದ್ದು ತೂಕ ಸರಿ ಇದೆಯಾ, ಲೆಕ್ಕ ಸರಿ ಇದೆಯಾ ಅಂತ. ರೇಡಿಯೋಗಾರನಿಗೆ ಕೇಳಬೇಕಾದ್ದು ನಿನ್ನ ಯಂತ್ರ ಇನ್ನೊಬ್ಬರಿಗೆ ಅಡ್ಡ ಬರುತ್ತಾ, ಯಾವ ತರಂಗದಲ್ಲಿ ಇರಬೇಕು ಗೊತ್ತಾ, ಕರೆಂಟಿನ ಅಪಾಯ ಗೊತ್ತಾ, ಕಾನೂನು ಗೊತ್ತಾ ಅಂತ. ಇದನ್ನೆಲ್ಲ ಬರಹದ ಪರೀಕ್ಷೆ ಕೇಳಿಯೇ ಕೇಳುತ್ತದೆ.

ದೂರ ಮುಟ್ಟುವ ವಾದವೂ ಹಳೆಯದಾಯಿತು ಅಂತಾರೆ. ಭೌತಶಾಸ್ತ್ರಕ್ಕೆ 1993ರಲ್ಲಿ ನೊಬೆಲ್ ಪಡೆದ ಜೋಸೆಫ್ ಟೇಲರ್ ಸ್ವತಃ ಹ್ಯಾಮ್. ಅವರೂ ಜತೆಯವರೊಬ್ಬರೂ ಸೇರಿ 2017ರಲ್ಲಿ 'ಎಫ್.ಟಿ. 8' ಎಂಬ ಕಂಪ್ಯೂಟರ್ ವಿಧಾನ ತಂದರು. ಪಳಗಿದ ಕಿವಿಗೂ ಕೇಳಿಸದಷ್ಟು ಕ್ಷೀಣವಾದ ಸದ್ದನ್ನು ಅದು ಗರಗರದ ಒಳಗಿಂದ ಎಳೆದು ಓದುತ್ತದೆ.

ಇನ್ನೊಂದು ಮಾತು ನಮ್ಮ ಕಡೆಯವರಿಗೆ ಹೆಚ್ಚು ತಾಗುವಂಥದು. ಮೋರ್ಸ್ ಪರೀಕ್ಷೆ ಇಂಗ್ಲಿಷ್ ಅಕ್ಷರದ ಪರೀಕ್ಷೆ. ಕನ್ನಡದಲ್ಲಿ ಓದಿದ ಹಳ್ಳಿ ಹುಡುಗನಿಗೆ ಭಾಷೆಯದೊಂದು ಭಾರ, ಚುಕ್ಕಿಯದೊಂದು ಭಾರ. ಬಾಯಿಮಾತಿಗೆ ಆ ತೊಂದರೆ ಇಲ್ಲ. 'ಸಂಕ ಕೊಚ್ಚಿಹೋಗಿದೆ, ನಲವತ್ತು ಜನ ಶಾಲೆಯಲ್ಲಿದ್ದಾರೆ, ಒಬ್ಬಳು ಬಸುರಿ' ಅಂತ ಹೇಳೋಕೆ ಕನ್ನಡ ಸಾಕು. ಇನ್ನು ಕಿವಿ ಮಂದವಾದವನಿಗಂತೂ ಕೇಳಿ ಬರೆಯುವ ಪರೀಕ್ಷೆ ಮುಚ್ಚಿದ ಬಾಗಿಲೇ. ಕಂಪ್ಯೂಟರ್ ಪರದೆಯ ಮೇಲೆ ಅವನು ಎಲ್ಲರ ಸಮಕ್ಕೆ ಕೆಲಸ ಮಾಡಬಲ್ಲ.

ಆಪತ್ತಿನಲ್ಲಿ ನಡೆದದ್ದೇನು?

ವಾದ ಎಷ್ಟು ಬೇಕಾದರೂ ಮಾಡಬಹುದು. ನಡೆದದ್ದನ್ನು ನೋಡುವುದು ಲೇಸು. 2004ರ ಡಿಸೆಂಬರಿನಲ್ಲಿ ಹೈದರಾಬಾದಿನ ರಾಷ್ಟ್ರೀಯ ಹವ್ಯಾಸಿ ರೇಡಿಯೋ ಸಂಸ್ಥೆಯ ಭಾರತಿ ಪ್ರಸಾದ್ ಮತ್ತು ಸಂಗಡಿಗರು ಅಂಡಮಾನಿನ ಪೋರ್ಟ್ ಬ್ಲೇರ್‌ನಲ್ಲಿ ಹ್ಯಾಮ್ ನಿಲ್ದಾಣ ಹಾಕಿದ್ದರು. ಲೋಕದ ಹ್ಯಾಮ್‌ಗಳ ಜತೆ ಮಾತಾಡುವ ಖುಷಿಗೆ ಹೋದದ್ದು. 26ನೇ ತಾರೀಕು ಬೆಳಿಗ್ಗೆ ಸುನಾಮಿ ಬಂತು. ಫೋನು ಸತ್ತವು. ಖುಷಿಗೆ ಹಾಕಿದ ನಿಲ್ದಾಣವೇ ದ್ವೀಪದ ಜನರ ಸುದ್ದಿಯನ್ನು ಮುಖ್ಯಭೂಮಿಗೆ ಮುಟ್ಟಿಸುವ ದಾರಿಯಾಯಿತು. ಆ ಕೆಲಸದ ಬಹುಪಾಲು ನಡೆದದ್ದು ಬಾಯಿಮಾತಿನಲ್ಲೇ.

ಇನ್ನೂ ಹತ್ತಿರದ್ದು ಬೇಕಾದರೆ, ನಮ್ಮ ಗಡಿಯಾಚೆಯ ವಯನಾಡು. 2024ರ ಜುಲೈ 30ರ ನಸುಕಿನಲ್ಲಿ ಗುಡ್ಡ ಜಾರಿ ಊರುಗಳೇ ಕೊಚ್ಚಿಹೋದಾಗ, ಕಲ್ಪೆಟ್ಟದ ಜಿಲ್ಲಾಧಿಕಾರಿ ಕಚೇರಿಯಲ್ಲಿ ಹ್ಯಾಮ್‌ಗಳು ನಿಲ್ದಾಣ ಹಾಕಿ, ಗುಡ್ಡದ ಮೇಲಿನ ಸುದ್ದಿ ಕೆಳಗೆ ಮುಟ್ಟಿಸಿದರು. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದು, ರಸ್ತೆ ಕಡಿದು, ಕರೆಂಟಿಲ್ಲದೆ ಫೋನಿಲ್ಲದೆ ಊರಿಗೆ ಊರು ತುಂಡಾದದ್ದನ್ನು ಕಂಡವರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ.

ಇಂಥ ರಾತ್ರಿಯಲ್ಲಿ ಬೇಕಾದ್ದು ಎರಡು: ಊರಿಗೊಬ್ಬ ಲೈಸೆನ್ಸುದಾರ, ಅವನ ಹತ್ತಿರ ಚಾರ್ಜಾದ ಬ್ಯಾಟರಿ. ನೂರು ಜನರಲ್ಲಿ ಮೋರ್ಸಿಗೆ ಹೆದರಿ ತೊಂಬತ್ತು ಜನ ಮನೆಗೆ ಹೋದರೆ, ಉಳಿದ ಹತ್ತು ಜನ ಎಷ್ಟೇ ಗಟ್ಟಿಗರಾದರೂ ಎಲ್ಲ ಗುಡ್ಡದ ಮೇಲೂ ಇರೋಕಾಗೋಲ್ಲ. ಹಳಬರ ಈಜಿನ ಹೋಲಿಕೆ ಸೋಲುವುದು ಇಲ್ಲಿ. ಈಜು ಬಾರದವನು ಮುಳುಗುತ್ತಾನೆ, ನಿಜ. ಆದರೆ ಈಜು ಬಾರದವರಿಗೆಲ್ಲ ದೋಣಿಯನ್ನೇ ನಿಷೇಧಿಸಿದರೆ ನೆರೆ ಬಂದ ದಿನ ದೋಣಿ ಹಾಕುವವರೇ ಇರೋದಿಲ್ಲ.

ಬಿಟ್ಟ ಕಡೆ ಮೋರ್ಸ್ ಸತ್ತಿತೆ?

ಹಳಬರ ದೊಡ್ಡ ಭಯಕ್ಕೆ ಉತ್ತರ ಪರೀಕ್ಷೆ ಬಿಟ್ಟ ದೇಶಗಳಲ್ಲೇ ಇದೆ. ಏಳು ಲಕ್ಷಕ್ಕೂ ಹೆಚ್ಚು ಹ್ಯಾಮ್‌ಗಳಿರುವ ಅಮೆರಿಕದಲ್ಲಿ ಮೋರ್ಸ್ ಕಡ್ಡಾಯ ಹೋದ ಮೇಲೂ ಮೋರ್ಸ್ ಸದ್ದು ನಿಂತಿಲ್ಲ. ಪ್ರತಿ ವರ್ಷ ನವೆಂಬರ್ ಕೊನೆಯ ವಾರಾಂತ್ಯದಲ್ಲಿ ಮೋರ್ಸಿನದೇ ವಿಶ್ವಸ್ಪರ್ಧೆ ನಡೆಯುತ್ತದೆ; ಆ ಎರಡು ದಿನ ಶಾರ್ಟ್‌ವೇವ್ ತಿರುಗಿಸಿದರೆ ಕಾಲಿಡಲು ಜಾಗ ಇರೋದಿಲ್ಲ. ಪರೀಕ್ಷೆಯನ್ನು 2003ರಲ್ಲೇ ಬಿಟ್ಟ ಜರ್ಮನಿ 2014ರಲ್ಲಿ ಮೋರ್ಸ್ ವಿದ್ಯೆಯನ್ನು ತನ್ನ ದೇಶದ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿತು. 2018ರಲ್ಲಿ ಗೂಗಲ್ ಕಂಪನಿ ಮೊಬೈಲಿನ ಕೀಲಿಮಣೆಗೇ ಮೋರ್ಸ್ ತಂದಿತು. ಕೈಕಾಲು, ಮಾತು ಸ್ವಾಧೀನವಿಲ್ಲದವರು ಎರಡೇ ಗುಂಡಿಯಲ್ಲಿ ಏನು ಬೇಕಾದರೂ ಬರೆಯಲಿ ಅಂತ.

ಭಯಕ್ಕೆ ಕಲಿತದ್ದು ಪರೀಕ್ಷೆ ಮುಗಿದ ಮಾರನೆ ದಿನ ಮರೆತುಹೋಗುತ್ತದೆ. ಇಷ್ಟಪಟ್ಟು ಕಲಿತದ್ದು ಉಳಿಯುತ್ತದೆ. ಮೋರ್ಸ್ ಪಾಸಾದ ಮೇಲೆ ಮೈಕು ಹಿಡಿದು ಕೀಲಿಯನ್ನು ಅಟ್ಟಕ್ಕೆ ಹಾಕಿದ ಹ್ಯಾಮ್‌ಗಳು ಎಲ್ಲ ಊರಲ್ಲೂ ಇದ್ದಾರೆ.

ಶಿಸ್ತಿನ ಮಾತಿಗೂ ಇದೇ ಉತ್ತರ. ಗಾಳಿ ಕೆಡಿಸುವವನನ್ನು ತಡೆಯುವುದು ನಿಯಮ, ನಿಗಾ, ದಂಡ. ಕೆಟ್ಟ ಡ್ರೈವರನನ್ನು ದಾರಿಗೆ ತರೋಕೆ ಪೊಲೀಸಿನವರು ರಸ್ತೆಯಲ್ಲಿ ನಿಲ್ಲಬೇಕು. ಲೈಸೆನ್ಸು ಕೊಡುವಾಗ ಇನ್ನೊಂದು ವಿದ್ಯೆ ಕೇಳಿದರೆ ಅದು ಆಗುವುದಿಲ್ಲ.

ಹಾಗಾದರೆ ದಾರಿ?

ಮೋರ್ಸನ್ನು ಬಾಗಿಲಿಂದ ಎತ್ತಿ ಒಳಗಿನ ಜಗಲಿಯ ಮೇಲೆ ಇಡುವುದು ಸರಿಯಾದ ದಾರಿ. ಮೇಲಿನ ದರ್ಜೆಗೂ ಕೆಳಗಿನ ದರ್ಜೆಗೂ ಅಂತರ ತೋರಿಸಬೇಕಾದ್ದು ಯಂತ್ರದ ತಿಳಿವಳಿಕೆ, ಆಪತ್ತಿನಲ್ಲಿ ಸುದ್ದಿ ಮುಟ್ಟಿಸುವ ಅಭ್ಯಾಸ. ಸುದ್ದಿಯನ್ನು ಒಂದಕ್ಷರ ತಪ್ಪದೆ ಬರೆದುಕೊಂಡು ಒಂದಕ್ಷರ ತಪ್ಪದೆ ದಾಟಿಸೋದು ಅಷ್ಟು ಸುಲಭ ಅಲ್ಲ. ಪರೀಕ್ಷೆ ಇಡಬೇಕಾದ್ದು ಅದರಲ್ಲಿ. ಮೋರ್ಸ್ ಕಲಿತವನಿಗೆ ಸರ್ಟಿಫಿಕೇಟಿನ ಮೇಲೆ ಬೇರೆ ಮುದ್ರೆ ಕೊಡಲಿ, ಗೌರವ ಕೊಡಲಿ. ಬಾರದವನನ್ನು ಹೊರಗೆ ನಿಲ್ಲಿಸೋದು ಬೇಡ.

ಜಿಲ್ಲೆಯ ಮಟ್ಟದಲ್ಲಿ ಮಾಡುವ ಕೆಲಸವೂ ಉಂಟು. ಗುಡ್ಡದ ತಾಲೂಕುಗಳ ಕಾಲೇಜುಗಳಲ್ಲಿ ಒಂದೊಂದು ಹ್ಯಾಮ್ ನಿಲ್ದಾಣ ಆಗಬೇಕು. ತಾಲೂಕು ಕಚೇರಿಯ ಮಳೆಗಾಲದ ತಯಾರಿ ಪಟ್ಟಿಯಲ್ಲಿ ಮರಳಿನ ಚೀಲ, ಜನರೇಟರ್ ಜತೆಗೆ ಹತ್ತಿರದ ಹ್ಯಾಮ್‌ಗಳ ಹೆಸರೂ ಇರಬೇಕು. ವರ್ಷಕ್ಕೊಮ್ಮೆ, ಮುಂಗಾರಿಗೆ ಮುಂಚೆ, ಫೋನು ಮುಟ್ಟದೆ ಒಂದು ದಿನ ಸುದ್ದಿ ದಾಟಿಸುವ ಅಭ್ಯಾಸ ನಡೆಯಬೇಕು. ಇದಕ್ಕೆ ದೊಡ್ಡ ದುಡ್ಡೇನೂ ಬೇಡ.

ಹಳಬರಿಗೂ ಇದರಲ್ಲಿ ಕೆಲಸ ಇದೆ. ಅವರ ಕಿವಿಯಲ್ಲಿರುವ ವಿದ್ಯೆಯನ್ನು ಯಾವ ಸರಕಾರಿ ನಿಯಮವೂ ಉಳಿಸಲಾರದು. ಭಾನುವಾರ ನಾಲ್ಕು ಹುಡುಗರನ್ನು ಕೂರಿಸಿಕೊಂಡು ಅವರೇ ಕಲಿಸಿದರೆ ಉಳಿದೀತು. ಅಟ್ಟದ ಮೇಲಿರುವ ಕೀಲಿಗಳು ಕೆಳಗಿಳಿಯಲಿ. ಲೈಸೆನ್ಸು ಕೈಯಲ್ಲಿರುವ ಹುಡುಗ ಆಸೆಪಟ್ಟು ಬಂದು ಕೂತರೆ ಕಲಿಸೋದೂ ಸುಲಭ.